ಮಳೆ ಲೆಕ್ಕದ ಪುಸ್ತಕದಿಂದ ಕಡಲಿಗೆ: ಹಾಸನ, ಚಿಕ್ಕಮಗಳೂರಿನ ಮಕ್ಕಳು ಮರೈನ್ ಬಯಾಲಜಿಸ್ಟ್ ಆಗುವ ದಾರಿ

ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿ. ಅಂಗಳದ ಮೂಲೆಯಲ್ಲಿ ಮಳೆ ಮಾಪಕ, ಜಗಲಿಯ ಗೂಡಿನಲ್ಲಿ ಒಂದು ಉದ್ದ ನೋಟ್‌ಬುಕ್. ದಿನಾ ಬೆಳಿಗ್ಗೆ ಎಂಟಕ್ಕೆ ಅಪ್ಪ ನೀರು ಅಳೆದು ಬರೆಯುತ್ತಿದ್ದರು. ಇಷ್ಟು ಇಂಚು, ಇಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ). ಮಳೆ ಬಾರದ ದಿನ ಸೊನ್ನೆ. ಜ್ವರ ಬಂದು ಮಲಗಿದ್ದರೆ ನನ್ನನ್ನು ಕಳಿಸಿ ಅಳೆಸುತ್ತಿದ್ದರು. ಹೂಮಳೆ ಯಾವಾಗ ಬಂತು, ಹೋದ ವರ್ಷ ಈ ಹೊತ್ತಿಗೆ ಎಷ್ಟಾಗಿತ್ತು ಅಂತ ಪಕ್ಕದ ತೋಟದವರು ಕೇಳಿದರೆ ನೆನಪಿನಿಂದ ಹೇಳುತ್ತಿರಲಿಲ್ಲ, ಪುಸ್ತಕ ತೆಗೆಯುತ್ತಿದ್ದರು.

ನಾನೀಗ ಘಟ್ಟದ ಕೆಳಗೆ ಮೀನು ಅಳೆಯುತ್ತೇನೆ. ಕೆಲಸ ಬೇರೆ ಅನ್ನಿಸಬಹುದು. ಆದರೆ ಗುಣ ಒಂದೇ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು, ಒಂದೇ ರೀತಿಯಲ್ಲಿ ಅಳೆಯಬೇಕು, ಏನೂ ಸಿಗದ ದಿನ ಸೊನ್ನೆ ಬರೆಯಬೇಕು. ಮರೈನ್ ಬಯಾಲಜಿ, ಅಂದರೆ ಕಡಲ ಜೀವಿಗಳ ಅಧ್ಯಯನ, ಅಂದ ಕೂಡಲೇ ನೀಲಿ ನೀರು, ಡಾಲ್ಫಿನ್, ಬೆನ್ನಿಗೆ ಸಿಲಿಂಡರ್ ಕಣ್ಣಿಗೆ ಬರುತ್ತದೆ, ಅಲ್ವಾ? ಅದೆಲ್ಲ ಇದೆ. ಆದರೆ ಅದು ವರ್ಷದ ಕೆಲವೇ ದಿನ. ಉಳಿದ ದಿನಗಳನ್ನು ನಡೆಸುವುದು ಆ ಮಳೆ ಪುಸ್ತಕದ ಗುಣ. ಕಡಲೂರಿನಲ್ಲಿ ಹುಟ್ಟಿದವರಿಗೆ ಮಾತ್ರ ಈ ದಾರಿ ಅಂತ ನಮ್ಮ ಕಡೆ ಮಕ್ಕಳು ಅಂದುಕೊಳ್ಳುತ್ತಾರೆ. ಅದು ತಪ್ಪು. ಹೈಸ್ಕೂಲಿನಿಂದ ಹಿಡಿದು ಕೆಲಸ ಸಿಗುವವರೆಗಿನ ದಾರಿಯನ್ನು ನನಗೆ ಗೊತ್ತಿರುವಷ್ಟು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮನೆ ಹಿಂದಿನ ನೀರು ಎಲ್ಲಿಗೆ ಹೋಗುತ್ತದೆ, ಹುಡುಕಿ

ಒಂದು ನಕ್ಷೆ ತೆಗೆಯಿರಿ. ನಿಮ್ಮ ಹಳ್ಳ ಯಾವ ಹೊಳೆ ಸೇರುತ್ತದೆ, ಆ ಹೊಳೆ ಯಾವ ನದಿ ಸೇರುತ್ತದೆ ಅಂತ ಬೆರಳಿಟ್ಟು ಹೋಗಿ. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ, ಗೊರೂರು ದಾಟಿ ಕಾವೇರಿ ಸೇರುತ್ತದೆ, ಅಲ್ಲಿಂದ ಬಂಗಾಳಕೊಲ್ಲಿ. ತುಂಗೆ, ಭದ್ರೆ ಕೂಡ್ಲಿಯಲ್ಲಿ ಒಂದಾಗಿ ಕೃಷ್ಣೆಯ ಮೂಲಕ ಅದೇ ಕಡಲಿಗೆ. ಕುದುರೆಮುಖದ ಬೆಟ್ಟಗಳಿಂದ ಇಳಿಯುವ ನೇತ್ರಾವತಿ ಮಾತ್ರ ಪಶ್ಚಿಮಕ್ಕೆ ತಿರುಗಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಶಿರಾಡಿ ಘಾಟಿ ಇಳಿಯುವಾಗ ರಸ್ತೆ ಪಕ್ಕದಲ್ಲೇ ಕಾಣುವ ಕೆಂಪುಹೊಳೆಯ ನೀರೂ ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ಅಂದರೆ ಒಂದೇ ಬೆಟ್ಟದ ನೆತ್ತಿಯ ಮೇಲೆ ಬಿದ್ದ ಮಳೆ ಎರಡು ಕಡಲಿಗೆ ಹಂಚಿ ಹೋಗುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. ಪಶ್ಚಿಮಕ್ಕೆ ಹರಿಯುವ ಹೊಳೆಗಳಲ್ಲಿ ಸಿಗುವ ಹಾವುಮೀನು ಕಡಲಿನಲ್ಲಿ ಹುಟ್ಟುತ್ತದೆ. ಮರಿಯಾಗಿದ್ದಾಗ ಅಳಿವೆಯ (ಹೊಳೆ ಕಡಲು ಸೇರುವ ಜಾಗ) ಮೂಲಕ ಹೊಳೆಗೆ ಬಂದು ವರ್ಷಗಟ್ಟಲೆ ಬೆಳೆಯುತ್ತದೆ. ಮರಿ ಮಾಡಲು ಮತ್ತೆ ಕಡಲಿಗೇ ಹೋಗುತ್ತದೆ. ದೊಡ್ಡ ಸಿಹಿನೀರಿನ ಸಿಗಡಿಯ ಮರಿಗಳಿಗೂ ಮೊದಲ ಕೆಲವು ವಾರ ಉಪ್ಪುಮಿಶ್ರಿತ ನೀರು ಬೇಕೇ ಬೇಕು. ನಡುವೆ ಅಣೆಕಟ್ಟು ಬಂದರೆ ಇವುಗಳ ದಾರಿ ಮುಚ್ಚುತ್ತದೆ. ಹೊಳೆ ನೋಡದೆ ಕಡಲು ಅರ್ಥವಾಗುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ.

ಹೆಜ್ಜೆ 2: ಒಂದು ಹಳ್ಳ, ಒಂದು ವರ್ಷ

ನನ್ನ ಪ್ರಕಾರ ಇಡೀ ದಾರಿಯಲ್ಲಿ ಇದೇ ಮುಖ್ಯ. ಇದಕ್ಕೆ ಸೀಟು ಬೇಡ, ಫೀಸು ಬೇಡ. ಎಂಟನೇ ಕ್ಲಾಸಿನಿಂದಲೇ ಮಾಡಬಹುದು.

ಮನೆ ಹತ್ತಿರ ಮೊಣಕಾಲಿಗಿಂತ ಕಡಿಮೆ ನೀರಿರುವ, ಹಗಲಲ್ಲಿ ಸುಲಭವಾಗಿ ಹೋಗಿಬರುವ ಒಂದು ಜಾಗ ಆರಿಸಿ. ವಾರಕ್ಕೊಮ್ಮೆ ಹೋಗಿ. ಭಾನುವಾರ ಬೆಳಿಗ್ಗೆ ಒಂಬತ್ತು ಅಂದರೆ ಪ್ರತಿ ಭಾನುವಾರ ಒಂಬತ್ತೇ. ಜೊತೆಗೆ ದೊಡ್ಡವರೊಬ್ಬರು ಇರಲಿ. ಆಷಾಢದ ಮಳೆಯಲ್ಲಿ ಹಳ್ಳ ಕೆಂಪಾಗಿ ತುಂಬಿ ಹರಿಯುವಾಗ ದಡದಲ್ಲೇ ನಿಂತು ನೋಡಿ, ನೀರಿಗೆ ಕಾಲಿಡಬೇಡಿ. ಆ ವಾರ "ಇಳಿಯಲಾಗಲಿಲ್ಲ, ನೀರು ಕೆಂಪು, ಸೇತುವೆಯ ಎರಡನೇ ಕಲ್ಲಿನವರೆಗೆ ಬಂದಿದೆ" ಅಂತ ಬರೆದರೂ ಅದು ದಾಖಲೆಯೇ.

ಸಾಮಾನು ಇಷ್ಟು ಸಾಕು: ನೀರಿಗೆ ಹಾಕಬಹುದಾದ ಥರ್ಮಾಮೀಟರ್, ಒಂದು ಬಿಳಿ ತಟ್ಟೆ, ಭೂತಗನ್ನಡಿ, ಪೆನ್ಸಿಲ್. ಪೆನ್ ಬೇಡ, ನೀರು ಬಿದ್ದರೆ ಶಾಯಿ ಹರಡುತ್ತದೆ. ದಪ್ಪ ತಂತಿಯನ್ನು ಬಗ್ಗಿಸಿ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಒಂದು ಚೌಕ ಮಾಡಿಕೊಳ್ಳಿ. ಇದಕ್ಕೆ ಕ್ವಾಡ್ರಾಟ್ ಅನ್ನುತ್ತಾರೆ. ಚೌಕವನ್ನು ಹಳ್ಳದ ತಳದಲ್ಲಿಟ್ಟು, ಅದರೊಳಗಿನ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ, ಅಂಟಿಕೊಂಡ ಹುಳುಗಳನ್ನು ತಟ್ಟೆಯ ನೀರಿಗೆ ಬಿಟ್ಟು ಎಣಿಸಿ. ಎಣಿಸಿದ ಮೇಲೆ ಹುಳುಗಳನ್ನೂ ಕಲ್ಲುಗಳನ್ನೂ ಇದ್ದಲ್ಲಿಗೇ ಬಿಡಿ. ಹವಳದ ದಿಬ್ಬದ ಮೇಲೆ ಕೆಲಸ ಮಾಡುವವರೂ ಇಂಥದೇ ಚೌಕ ಇಟ್ಟು ಎಣಿಸುತ್ತಾರೆ.

ಕಲ್ಲಿನಡಿ ಏನಿರುತ್ತದೆ? ಬಾಲದಲ್ಲಿ ಮೂರು ಎಳೆ ಇರುವ ಮೇಫ್ಲೈ ಮರಿಗಳು. ಮರಳ ಕಣಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳು. ಸಣ್ಣ ಏಡಿ. ಇವುಗಳಲ್ಲಿ ಹಲವಕ್ಕೆ ಆಮ್ಲಜನಕ ಚೆನ್ನಾಗಿರುವ ನೀರೇ ಬೇಕು. ಕಾಫಿ ಕುಯ್ಲಿನ ಕಾಲದಲ್ಲಿ ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ನೀರು) ಹಳ್ಳಕ್ಕೆ ಬಂದರೆ ಅದರಲ್ಲಿನ ಸಿಹಿ ಅಂಶ ಕೊಳೆಯುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ತಿಂದುಬಿಡುತ್ತವೆ. ಮೊದಲು ಮಾಯವಾಗುವುದು ಈ ಹುಳುಗಳು. ನವೆಂಬರಿಗೆ ಮುಂಚೆಯೂ ಫೆಬ್ರವರಿಯ ನಂತರವೂ ನಿಮ್ಮ ಪುಸ್ತಕದಲ್ಲಿ ಲೆಕ್ಕ ಇದ್ದರೆ, ಊರಿನಲ್ಲಿ ಯಾರ ಹತ್ತಿರವೂ ಇಲ್ಲದ ಮಾಹಿತಿ ನಿಮ್ಮ ಹತ್ತಿರ ಇರುತ್ತದೆ. ಯಾರನ್ನೂ ದೂರಲು ಇದು ಬೇಡ. ನೀರನ್ನು ತಿಳಿಯಲು ಬೇಕು.

ಕೆರೆ ಹತ್ತಿರ ಇದ್ದರೆ ಸೆಚ್ಚಿ ತಟ್ಟೆ ಮಾಡಿ. 20 ಸೆಂ.ಮೀ. ಅಗಲದ ದುಂಡನೆಯ ತಟ್ಟೆಗೆ ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಹಚ್ಚಿ. ಅಡಿಗೆ ಭಾರ ಕಟ್ಟಿ, ಗುರುತು ಹಾಕಿದ ಹಗ್ಗದಲ್ಲಿ ಇಳಿಸಿ. ಕಣ್ಣಿಗೆ ಕಾಣದಾಗುವ ಆಳವೇ ನೀರಿನ ತಿಳಿತನದ ಅಳತೆ. 1865ರಲ್ಲಿ ಆಂಜೆಲೊ ಸೆಚ್ಚಿ ಅನ್ನುವ ಇಟಲಿಯ ಪಾದ್ರಿ ಹಡಗಿನಿಂದ ಬಿಳಿ ತಟ್ಟೆ ಇಳಿಸಿ ಶುರು ಮಾಡಿದ ವಿಧಾನ ಇದು. ಇವತ್ತಿಗೂ ಹಡಗುಗಳಲ್ಲಿ ಇದನ್ನು ಬಳಸುತ್ತಾರೆ.

ಮುಂಗಾರಿನಲ್ಲಿ ಹತ್ತುಮೀನು ಏರುವ ದಿನವನ್ನು ತಪ್ಪದೆ ಬರೆಯಿರಿ. ಮೊಟ್ಟೆ ಇಡಲು ಗದ್ದೆ, ತೋಡುಗಳಿಗೆ ಮೀನು ಹತ್ತುವುದು ನಮ್ಮ ಮಲೆನಾಡಿನವರಿಗೆ ಗೊತ್ತು. ಯಾವ ತಾರೀಖು, ಅದಕ್ಕೆ ಮುಂಚೆ ಎಷ್ಟು ಇಂಚು ಮಳೆ ಬಿದ್ದಿತ್ತು ಅನ್ನುವುದನ್ನು ಅಪ್ಪನ ಪುಸ್ತಕದ ಪಕ್ಕ ಇಟ್ಟು ನೋಡಿ.

ಇಲ್ಲಿ ನಾನು ಮಾಡಿದ ಒಂದು ತಪ್ಪು ಹೇಳಬೇಕು. ಮೊದಲ ವರ್ಷ ಏನಾದರೂ ಕಂಡ ದಿನ ಮಾತ್ರ ಬರೆದೆ. ಖಾಲಿ ಕೈಯಲ್ಲಿ ಬಂದ ದಿನಗಳನ್ನು ಬಿಟ್ಟೆ. ಕೊನೆಗೆ ಪುಸ್ತಕ ನೋಡಿದರೆ ಹಳ್ಳದಲ್ಲಿ ವರ್ಷವಿಡೀ ಏಡಿ ತುಂಬಿದ್ದ ಹಾಗೆ ಕಾಣುತ್ತಿತ್ತು. ಅಪ್ಪ ಪುಟ ತಿರುಗಿಸಿ, "ಸೊನ್ನೆ ಎಲ್ಲಿ?" ಅಂತ ಕೇಳಿದರು. ಆಮೇಲೆ ಯಾವ ಪ್ರೊಫೆಸರೂ ನನಗೆ ಅದಕ್ಕಿಂತ ದೊಡ್ಡ ಪಾಠ ಹೇಳಿಲ್ಲ.

ಚಿತ್ರ ಬಿಡಿಸುವುದನ್ನೂ ಅಭ್ಯಾಸ ಮಾಡಿ. ಫೋಟೊ ತೆಗೆದರೆ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ. ಬರೆಯಲು ಕೂತರೆ ಮೀನಿನ ರೆಕ್ಕೆಯಲ್ಲಿ ಎಷ್ಟು ಮುಳ್ಳು, ಬಾಯಿ ಮೇಲಕ್ಕಿದೆಯಾ ಕೆಳಕ್ಕಿದೆಯಾ ಅಂತ ಕಾಣುತ್ತದೆ. ಹಳೇಬೀಡಿಗೆ ಹೋದರೆ ದೇವಸ್ಥಾನದ ಗೋಡೆಯ ಮಕರದ ಸಾಲಿನ ಮುಂದೆ ಕೂತು ಬರೆಯಿರಿ. ಬಾಯಿ ಯಾವ ಪ್ರಾಣಿಯದು, ಬಾಲ ಯಾವುದರದು ಅಂತ ಬಿಡಿಸಿ ನೋಡುವುದು ಮೀನು ಗುರುತಿಸುವ ಕಣ್ಣಿಗೆ ಒಳ್ಳೆಯ ಸಾಧನೆ.

ಹೆಜ್ಜೆ 3: ಕಡಲಿಗೆ ಹೋಗಿ, ಆದರೆ ತಿಥಿ ನೋಡಿ ಹೋಗಿ

ಪ್ರವಾಸಕ್ಕೆ ಹೋದವರು ಸಂಜೆ ಮರಳಿನ ಮೇಲೆ ನಿಂತು ಬರುತ್ತಾರೆ. ನೀವು ಹಾಗೆ ಹೋಗಬೇಡಿ. ಮನೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆ ನೋಡಿ. ಆ ದಿನಗಳಲ್ಲಿ, ಅದರ ನಂತರದ ಒಂದೆರಡು ದಿನಗಳಲ್ಲಿ ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಸರಿಯಾದ ಗಂಟೆ ಫೋನಿನಲ್ಲಿ ಟೈಡ್ ಟೇಬಲ್ ಅಂತ ಹುಡುಕಿದರೆ ಸಿಗುತ್ತದೆ.

ಉಳ್ಳಾಲದ ಹತ್ತಿರ ಸೋಮೇಶ್ವರ, ಕಾಪು ದೀಪಸ್ತಂಭದ ಬುಡ, ಇಂಥ ಬಂಡೆ ಇರುವ ಕಡೆ ಇಳಿತದ ಹೊತ್ತಿಗೆ ಮುಂಚೆ ಒಂದು ಗಂಟೆ ಇರುವಾಗ ತಲುಪಿ. ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ. ಮುಟ್ಟಬೇಡಿ, ಕೂತು ನೋಡಿ. ಐದು ನಿಮಿಷ ಏನೂ ಇರುವುದಿಲ್ಲ. ಆಮೇಲೆ ಶಂಖದ ಚಿಪ್ಪು ನಡೆಯಲು ಶುರು ಮಾಡುತ್ತದೆ, ಒಳಗೆ ಸನ್ಯಾಸಿ ಏಡಿ. ಬಂಡೆಯ ಮೇಲ್ಭಾಗದ ಜೀವಿಗಳೇ ಬೇರೆ, ಕೆಳಭಾಗದವೇ ಬೇರೆ ಅನ್ನುವುದನ್ನು ನಿಮ್ಮ ತಂತಿ ಚೌಕದಿಂದ ಎಣಿಸಿ. ಮೇಲಿನವು ಬಿಸಿಲು ತಡೆಯುವವು, ಕೆಳಗಿನವು ತಡೆಯಲಾರದವು. ನೀರು ತಿರುಗಿ ಏರುವ ಮುಂಚೆ ಬಂಡೆ ಬಿಟ್ಟು ಬನ್ನಿ. ಕಡಲಿಗೆ ಬೆನ್ನು ಕೊಟ್ಟು ನಿಲ್ಲಬೇಡಿ. ಮಳೆಗಾಲದಲ್ಲಿ ಬಂಡೆ ಹತ್ತಲೇಬೇಡಿ.

ಯಾವುದನ್ನೂ ಮನೆಗೆ ತರಬೇಡಿ. ಹವಳ, ಕಡಲಕುದುರೆ, ಕಡಲಸೌತೆ ಇವೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ಹವಳದ ತುಂಡಿಗೂ ಈ ಮಾತು ಅನ್ವಯಿಸುತ್ತದೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಮಂಗಳೂರಿನ ದಕ್ಕೆಗೋ ಮಲ್ಪೆ ಬಂದರಿಗೋ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಒಟ್ಟು 61 ದಿನ. ಹಾಗಾಗಿ ಸೆಪ್ಟೆಂಬರಿನ ನಂತರ ಹೋಗುವುದು ಒಳ್ಳೆಯದು. ಬುಟ್ಟಿಗಳಲ್ಲಿ ಬಂಗುಡೆ, ಬೂತಾಯಿ, ಬೊಂಡಾಸ್, ತೊರಕೆ ಎಲ್ಲ ಒಟ್ಟಿಗೆ ಬರುತ್ತವೆ. ಮಾರಾಟಕ್ಕೆ ಬಾರದ ಸಣ್ಣ ಮೀನುಗಳ ರಾಶಿ ಪಕ್ಕದಲ್ಲಿ ಬಿದ್ದಿರುತ್ತದೆ. ನಮಗೆ ಅದೇ ದೊಡ್ಡ ಪುಸ್ತಕ. ಬಲೆಗೆ ಏನೇನು ಸಿಕ್ಕಿಬಿತ್ತು ಅನ್ನುವುದು ಅಲ್ಲಿ ಕಾಣುತ್ತದೆ.

ಕೆಲಸದ ಗಡಿಬಿಡಿ ಮುಗಿದ ಮೇಲೆ ಮಾತನಾಡಿಸಿ. ನಾನು ಮೊದಲ ಸಲ ಹೋದಾಗ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು, "ನೀವು ಘಟ್ಟದ ಮೇಲಿನವರಾ? ಎಂತ ಮಾರಾಯ್ರೆ, ಮೀನು ನೋಡ್ಲಿಕ್ಕೆ ಇಲ್ಲಿವರೆಗೆ ಬಂದದ್ದಾ?" ಅಂತ ಪ್ರೀತಿಯಿಂದ ಕೇಳಿದರು. ಆಮೇಲೆ ಒಂದು ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಮೀನು ತೋರಿಸಿದರು. ನೀರಿನ ಬಣ್ಣ, ಹಕ್ಕಿಗಳ ಗುಂಪು, ಗಾಳಿಯ ದಿಕ್ಕು ನೋಡಿ ಬೂತಾಯಿ ಎಲ್ಲಿದೆ ಅಂತ ಅವರು ಹೇಳುತ್ತಾರೆ. ಮುಂಗಾರಿನ ಗಾಳಿಯಿಂದಾಗಿ ಪಶ್ಚಿಮ ತೀರದಲ್ಲಿ ಆಳದ ತಣ್ಣನೆಯ ನೀರು ಮೇಲೆ ಬರುತ್ತದೆ, ಅದರ ಜೊತೆ ಪೋಷಕಾಂಶ ಬರುತ್ತದೆ, ಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳು) ಹೆಚ್ಚುತ್ತದೆ, ಅದನ್ನು ತಿನ್ನಲು ಬೂತಾಯಿ ಬರುತ್ತದೆ ಅಂತ ಪುಸ್ತಕ ಹೇಳುವುದೂ ಇದರ ಇನ್ನೊಂದು ಮಗ್ಗುಲೇ.

ಸ್ವಲ್ಪ ತುಳು ಕಲಿಯಿರಿ. ಮಂಗಳೂರಿನ ಬೂತಾಯಿ ಕಾರವಾರದಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ವೈಜ್ಞಾನಿಕ ಹೆಸರು ಒಂದೇ, ಸಾರ್ಡಿನೆಲ್ಲಾ ಲಾಂಗಿಸೆಪ್ಸ್. ಬಂಗುಡೆ ಅಂದರೆ ರಾಸ್ಟ್ರೆಲಿಗರ್ ಕನಗುರ್ತಾ. ಕನಗುರ್ತಾ ಅನ್ನುವುದು ತೆಲುಗು ಮೀನುಗಾರರು ಕರೆಯುತ್ತಿದ್ದ ಹೆಸರು. ಅದೇ ವಿಜ್ಞಾನಕ್ಕೆ ಹೋಯಿತು.

ಹೆಜ್ಜೆ 4: ಪಿಯುಸಿ ಮತ್ತು ಡಿಗ್ರಿ

ಪಿಯುಸಿಯಲ್ಲಿ ವಿಜ್ಞಾನ, ಪಿಸಿಎಂಬಿ ತೆಗೆದುಕೊಳ್ಳಿ. ಲೆಕ್ಕ ಬಿಡಬೇಡಿ ಅಂತ ಒತ್ತಿ ಹೇಳುತ್ತೇನೆ. ಈ ಕೆಲಸದಲ್ಲಿ ದಿನಾ ಬೇಕಾಗುವುದು ಸಂಖ್ಯಾಶಾಸ್ತ್ರ.

ಪಿಯುಸಿ ನಂತರ ಎರಡು ದಾರಿ. ಒಂದು, ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ನಾಲ್ಕು ವರ್ಷದ ಬಿ.ಎಫ್.ಎಸ್ಸಿ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು. ಹಾಸನದ ಪಶುವೈದ್ಯ ಕಾಲೇಜು ಸೇರಿರುವ ಬೀದರಿನ ವಿಶ್ವವಿದ್ಯಾಲಯಕ್ಕೇ ಅದೂ ಸೇರಿದೆ. ಪ್ರವೇಶ ಸಿಇಟಿ ಮೂಲಕ. ತೋಟ, ಗದ್ದೆ ಇರುವ ಮನೆಯ ಮಕ್ಕಳು ಕೃಷಿಕರ ಕೋಟಾ ಮರೆಯಬೇಡಿ. ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ಉಪಕರಣ ಗುರುತಿಸಬೇಕು. ಕಾಗದ ಪತ್ರ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಒಂದು ಸರ್ಟಿಫಿಕೇಟಿಗಾಗಿ ಓಡಾಡಿ ಅವಕಾಶ ಕಳೆದುಕೊಂಡವರನ್ನು ನೋಡಿದ್ದೇನೆ.

ಇನ್ನೊಂದು, ಬಿ.ಎಸ್ಸಿ. ಹಾಸನದ ಸರ್ಕಾರಿ ವಿಜ್ಞಾನ ಕಾಲೇಜಿನಲ್ಲೋ ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲೋ ಪ್ರಾಣಿಶಾಸ್ತ್ರ ಓದಿ. ಊರಲ್ಲೇ ಇದ್ದು ಓದಿದರೆ ಹಿಂದೆ ಬೀಳುತ್ತೇವೆ ಅನ್ನುವ ಭಯ ಬೇಡ. ಮೂರು ವರ್ಷ ಹಳ್ಳದ ಲೆಕ್ಕ ಮುಂದುವರಿಸಿದ ಹುಡುಗಿ, ದೊಡ್ಡ ಊರಿನಲ್ಲಿ ಬರೀ ನೋಟ್ಸ್ ಓದಿದವರಿಗಿಂತ ಸಂದರ್ಶನದಲ್ಲಿ ಗಟ್ಟಿಯಾಗಿ ಮಾತಾಡುತ್ತಾಳೆ. ಈ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ ಆರ್ ಅನ್ನುವ ಉಚಿತ ತಂತ್ರಾಂಶ ಕಲಿಯಿರಿ. ನಿಮ್ಮದೇ ಹಳ್ಳದ ಅಂಕಿಗಳನ್ನು ಹಾಕಿ ಕಲಿಯಿರಿ, ಬೇಗ ತಲೆಗೆ ಹತ್ತುತ್ತದೆ.

ಎರಡರಲ್ಲಿ ಯಾವುದು? ಮೀನು ಸಾಕಣೆ, ಮೀನುಗಾರಿಕೆ ಇಲಾಖೆ, ರಫ್ತು ಉದ್ಯಮ ಇವುಗಳ ಕಡೆ ಮನಸ್ಸಿದ್ದರೆ ಮೊದಲನೆಯದು. ರಾಜ್ಯದ ಇಲಾಖೆಯ ಸಹಾಯಕ ನಿರ್ದೇಶಕ ಹುದ್ದೆಗೆ ಮೀನುಗಾರಿಕಾ ಪದವಿ ಬೇಕು. ಹವಳ, ತಿಮಿಂಗಿಲ, ಪ್ಲಾಂಕ್ಟನ್, ತೀರದ ಜೀವಿಗಳ ಸಂಶೋಧನೆಯೇ ಬೇಕು ಅಂದರೆ ಎರಡನೆಯದು. ಬಿ.ಎಫ್.ಎಸ್ಸಿ. ಮುಗಿಸುವಷ್ಟರಲ್ಲಿ ಕೈಗೊಂದು ಕೆಲಸದ ಭರವಸೆ ಜಾಸ್ತಿ. ಮನೆಯಲ್ಲಿ ಹಣದ ಕಷ್ಟ ಇದ್ದರೆ ನಾನು ಅದನ್ನೇ ಹೇಳುತ್ತೇನೆ.

ಹೆಜ್ಜೆ 5: ಎಂ.ಎಸ್ಸಿ., ಪಿಎಚ್.ಡಿ.

ನಮ್ಮ ರಾಜ್ಯದಲ್ಲೇ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಮರೈನ್ ಬಯಾಲಜಿ ವಿಭಾಗ ಇದೆ. ಕಾಳಿ ನದಿಯ ಅಳಿವೆ ಪಕ್ಕದಲ್ಲೇ ಇದೆ, ಪಾಠಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಹೊರಗೆ ಹೋಗುವುದಾದರೆ ಕೊಚ್ಚಿ ವಿಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯ, ತಮಿಳುನಾಡಿನ ಪರಂಗಿಪೇಟೆಯಲ್ಲಿರುವ ಅಣ್ಣಾಮಲೈ ವಿಶ್ವವಿದ್ಯಾಲಯದ ಕೇಂದ್ರ, ಅಂಡಮಾನಿನಲ್ಲಿರುವ ಪಾಂಡಿಚೇರಿ ವಿಶ್ವವಿದ್ಯಾಲಯದ ವಿಭಾಗ. ಬಿ.ಎಫ್.ಎಸ್ಸಿ. ಮಾಡಿದವರು ಎಂ.ಎಫ್.ಎಸ್ಸಿ.ಗೆ ಮಂಗಳೂರಿನಲ್ಲೇ ಇರಬಹುದು, ಇಲ್ಲವೇ ಮುಂಬೈನ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಗೆ ಪರೀಕ್ಷೆ ಬರೆಯಬಹುದು.

ಎಂ.ಎಸ್ಸಿ. ಪ್ರಾಜೆಕ್ಟಿನ ಆರು ತಿಂಗಳು ಯಾರ ಜೊತೆ ಕಳೆಯುತ್ತೀರಿ ಅನ್ನುವುದು ಕಾಲೇಜಿನ ಹೆಸರಿಗಿಂತ ಮುಖ್ಯ. 1947ರಲ್ಲಿ ಶುರುವಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮುಖ್ಯ ಕಚೇರಿ ಕೊಚ್ಚಿಯಲ್ಲಿದೆ, ಮಂಗಳೂರು ಮತ್ತು ಕಾರವಾರದಲ್ಲೂ ಕೇಂದ್ರಗಳಿವೆ. 1966ರಲ್ಲಿ ಶುರುವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಗೋವಾದ ದೋನಾ ಪಾವುಲಾದಲ್ಲಿದೆ. ಅಲ್ಲಿನ ವಿಜ್ಞಾನಿಗಳಿಗೆ ಪತ್ರ ಬರೆಯುವಾಗ "ನನಗೆ ಕಡಲು ಇಷ್ಟ" ಅಂತ ಬರೆಯಬೇಡಿ. ಅವರ ಒಂದು ಲೇಖನ ಓದಿ, ಒಂದು ಪ್ರಶ್ನೆ ಕೇಳಿ, ನೀವು ಏನು ಎಣಿಸಿದ್ದೀರಿ ಅಂತ ನಾಲ್ಕು ಸಾಲಿನಲ್ಲಿ ಹೇಳಿ. ಹತ್ತಕ್ಕೆ ಎಂಟು ಜನ ಉತ್ತರ ಕೊಡದಿದ್ದರೂ ಬೇಸರ ಬೇಡ. ನನಗೂ ಹಾಗೇ ಆಗಿತ್ತು.

ಪಿಎಚ್.ಡಿ.ಗೆ ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಪಡೆಯುವುದು ಗಟ್ಟಿ ದಾರಿ. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ.

ಹೆಜ್ಜೆ 6: ಈಜು

ಎಷ್ಟು ಬೇಗ ಕಲಿತರೆ ಅಷ್ಟು ಒಳ್ಳೆಯದು. ಕೆರೆಯಲ್ಲಿ ಒಬ್ಬರೇ ಕಲಿಯಬೇಡಿ, ಕಲಿಸುವವರಿರುವ ಈಜುಕೊಳಕ್ಕೆ ಹೋಗಿ. ಡೈವಿಂಗ್ ಎಲ್ಲರಿಗೂ ಕಡ್ಡಾಯವಲ್ಲ, ಹವಳದ ಕೆಲಸಕ್ಕೆ ಬೇಕು. ಡೈವಿಂಗ್ ಕಲಿಯುವವರ ಮೊದಲ ಕೋರ್ಸಾದ ಓಪನ್ ವಾಟರ್‌ಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಮುಗಿಸಿದರೆ 18 ಮೀಟರ್ ಆಳದವರೆಗೆ ಹೋಗಬಹುದು. ಮುರುಡೇಶ್ವರದಿಂದ ಸುಮಾರು 20 ಕಿ.ಮೀ. ದೂರದ ನೇತ್ರಾಣಿ ದ್ವೀಪ ನಮಗೆ ಡೈವಿಂಗಿಗೆ ಹತ್ತಿರದ ಜಾಗ, ಮಳೆಗಾಲ ಬಿಟ್ಟು. ದೋಣಿಯಲ್ಲಿ ವಾಂತಿ ಬಂದರೆ ನಾಚಿಕೆ ಪಡಬೇಡಿ, ವರ್ಷಗಟ್ಟಲೆ ಹಡಗಿನಲ್ಲಿದ್ದವರಿಗೂ ಬರುತ್ತದೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಕಡಲು ಮುಗಿಲು ಸೇರುವ ಗೆರೆ ನೋಡುತ್ತಾ ಇರಿ.

ಹೆಜ್ಜೆ 7: ಕೆಲಸ ಹೇಗಿರುತ್ತದೆ, ಮುಂಚೆಯೇ ತಿಳಿದುಕೊಳ್ಳಿ

ಒಂದು ಮಾಮೂಲಿ ದಿನ ಹೇಳುತ್ತೇನೆ. ಬೆಳಗಿನ ಜಾವ ಐದಕ್ಕೆ ಬಂದರು. ಯಾವ ದೋಣಿ, ಎಷ್ಟು ದಿನ ಕಡಲಲ್ಲಿತ್ತು, ಎಷ್ಟು ಆಳದಲ್ಲಿ ಬಲೆ ಎಳೆದರು ಅಂತ ಕೇಳಿ ಬರೆಯಬೇಕು. ರಾಶಿಯಿಂದ ಆರಿಸದೆ ಒಂದಿಷ್ಟು ಬಂಗುಡೆ ತೆಗೆದುಕೊಳ್ಳಬೇಕು. ದೊಡ್ಡದನ್ನೇ ಹೆಕ್ಕಿದರೆ ಲೆಕ್ಕ ಕೆಟ್ಟಿತು. ಲ್ಯಾಬಿಗೆ ತಂದು ಉದ್ದ, ತೂಕ ಅಳೆದು, ಹೊಟ್ಟೆ ಸೀಳಿ ಏನು ತಿಂದಿದೆ, ಮೊಟ್ಟೆ ಬಲಿತಿದೆಯಾ ನೋಡಬೇಕು. ತಲೆಯಿಂದ ಓಟೊಲಿತ್ ತೆಗೆಯಬೇಕು. ಅದು ಮೀನಿನ ಕಿವಿಯೊಳಗಿನ ಸಣ್ಣ ಕಲ್ಲು. ಮರದ ಕಾಂಡದಂತೆ ಅದರಲ್ಲೂ ಬಳೆಬಳೆಯಾಗಿ ಬೆಳವಣಿಗೆ ಕಾಣುತ್ತದೆ, ವಯಸ್ಸು ಗೊತ್ತಾಗುತ್ತದೆ. ಮೊದಲ ಸಲ ಸೂಕ್ಷ್ಮದರ್ಶಕದ ಕೆಳಗೆ ಆ ಬಳೆ ಕಂಡಾಗ ನನಗೆ ಮಾತೇ ಬರಲಿಲ್ಲ. ಮಧ್ಯಾಹ್ನದಿಂದ ಕಂಪ್ಯೂಟರು. ವಾಸನೆ ಕೈ ಬಿಡುವುದಿಲ್ಲ. ಮೀನು ತಿನ್ನದ ಮನೆಯಿಂದ ಬಂದವರೂ ನಮ್ಮ ಲ್ಯಾಬಿನಲ್ಲಿದ್ದಾರೆ, ಕೆಲವೇ ವಾರದಲ್ಲಿ ಒಗ್ಗಿಕೊಂಡರು.

ಅವಕಾಶ ಸಿಕ್ಕರೆ ಹಡಗು. ಡೆನ್ಮಾರ್ಕಿನಲ್ಲಿ ಕಟ್ಟಿ 1984ರಲ್ಲಿ ನಮ್ಮ ದೇಶಕ್ಕೆ ಬಂದ ಸಾಗರ ಸಂಪದದಂಥ ಸಂಶೋಧನಾ ಹಡಗಿನಲ್ಲಿ ವಾರಗಟ್ಟಲೆ ಇರಬೇಕು. ಮೊದಲೇ ಗುರುತಿಸಿದ ಜಾಗ (ಸ್ಟೇಷನ್) ಬಂದಾಗ ರಾತ್ರಿ ಎರಡಾದರೂ ಎದ್ದು ನೀರಿನ ಮಾದರಿ ತೆಗೆಯಬೇಕು.

ಇದಲ್ಲದೆ ಬೆಂಗಳೂರು, ಮೈಸೂರಿನಲ್ಲಿ ನೆಲೆಸಿ ಲಕ್ಷದ್ವೀಪ, ಅಂಡಮಾನಿನಲ್ಲಿ ಕೆಲಸ ಮಾಡುವ ಸಂರಕ್ಷಣಾ ಸಂಸ್ಥೆಗಳಿವೆ. ಕಾಲೇಜಿನ ಪಾಠ, ಮೀನು ಸಾಕಣೆ, ಪರಿಸರ ಪರಿಣಾಮದ ಅಧ್ಯಯನ ಇವೂ ಇವೆ. ಕಷ್ಟವನ್ನೂ ಹೇಳಬೇಕು. ಕಾಯಂ ಹುದ್ದೆಗಳು ಕಡಿಮೆ. ಪಿಎಚ್.ಡಿ. ಮುಗಿಯುವ ಹೊತ್ತಿಗೆ ವಯಸ್ಸು ಮೂವತ್ತರ ಹತ್ತಿರ ಬರುತ್ತದೆ. ಪ್ರಾಜೆಕ್ಟ್ ಕೆಲಸಗಳು ಎರಡು, ಮೂರು ವರ್ಷಕ್ಕೆ ಮುಗಿಯುತ್ತವೆ. ನಾನು ಒಂದು ಕಡೆ ಕೆಲಸ ಮಾಡುತ್ತಿದ್ದಾಗ ಪ್ರಾಜೆಕ್ಟಿನ ಹಣ ನಿಂತು ಐದು ತಿಂಗಳು ಮನೆಗೆ ಬಂದು ಕೂತಿದ್ದೆ. ಆಗ ತೋಟದ ಕೆಲಸ ಕೈ ಹಿಡಿಯಿತು.

ಹೆಜ್ಜೆ 8: ಮನೆಯವರನ್ನು ಒಪ್ಪಿಸುವುದು

"ಘಟ್ಟದ ಕೆಳಗೆ ಹೋಗಿ ಮೀನು ಎಣಿಸೋಕೆ ಇಷ್ಟು ಓದಬೇಕಾ?" ಅಂತ ನಮ್ಮ ದೊಡ್ಡಪ್ಪ ಕೇಳಿದ್ದರು. ಅಮ್ಮನಿಗೆ ಕಡಲ ಭಯ. ಅವರ ಪ್ರಶ್ನೆಗಳಲ್ಲಿ ತಪ್ಪಿಲ್ಲ. ವಾದ ಮಾಡಬೇಡಿ. ಯಾವ ವರ್ಷ ಎಷ್ಟು ಖರ್ಚು, ಯಾವ ಪರೀಕ್ಷೆ, ಸಿಗದಿದ್ದರೆ ಮುಂದೇನು ಅಂತ ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ಬಿ.ಎಡ್. ಮಾಡಿ ಪಾಠ ಹೇಳುವುದು, ಕೆರೆಯಲ್ಲಿ ಮೀನು ಸಾಕುವುದು ಇಂಥ ಒಂದೆರಡು ಬದಲಿ ದಾರಿಗಳನ್ನೂ ಬರೆಯಿರಿ.

ಆಮೇಲೆ ಒಂದು ಸಲ ಅವರನ್ನೇ ಕರೆದುಕೊಂಡು ಹೋಗಿ. ನಾನು ಅಪ್ಪನನ್ನು ಅಕ್ಟೋಬರಿನಲ್ಲಿ ದಕ್ಕೆಗೆ ಕರೆದುಕೊಂಡು ಹೋಗಿದ್ದೆ. ಹಿಂದಿನ ರಾತ್ರಿಯೇ ಚಾರ್ಮಾಡಿ ಇಳಿದು ಉಳಿದುಕೊಂಡಿದ್ದೆವು. ಅಪ್ಪ ಮೊದಲು ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಬಲೆ ಸರಿಮಾಡುತ್ತಿದ್ದ ಆ ಹಿರಿಯರು ಕೂರಲು ಜಾಗ ಮಾಡಿಕೊಟ್ಟು, "ಮೇಲೆ ಈ ಸಲ ಮಳೆ ಎಷ್ಟು ಬಂತು?" ಅಂತ ಕೇಳಿದರು. ಘಟ್ಟದಲ್ಲಿ ಮಳೆ ಚೆನ್ನಾಗಿ ಆದರೆ ಹೊಳೆ ನೀರು ಕಡಲಿಗೆ ಜಾಸ್ತಿ ಬರುತ್ತದೆ, ಅಳಿವೆಯಲ್ಲಿ ಸಿಗಡಿ ಚೆನ್ನಾಗಿ ಆಗುತ್ತದೆ ಅಂತ ಅವರ ಅನುಭವ. ಅಪ್ಪ ಜೇಬಿನಿಂದ ಚೀಟಿ ತೆಗೆದು ಜೂನ್, ಜುಲೈ, ಆಗಸ್ಟಿನ ಲೆಕ್ಕ ಓದಿದರು, ಇಂಚು, ಸೆಂಟು ಸಮೇತ. ಹಿರಿಯರು ಆ ತಿಂಗಳುಗಳಲ್ಲಿ ನಾಡದೋಣಿಗೆ ಏನು ಸಿಕ್ಕಿತು ಅಂತ ಹೇಳುತ್ತಾ ಹೋದರು. ನಾನು ಪಕ್ಕದಲ್ಲಿ ಕೂತು ಎರಡನ್ನೂ ಒಂದೇ ಪುಟದಲ್ಲಿ ಬರೆದುಕೊಂಡೆ.